ಅಕ್ಕನಿಗೆ ಕೇಳಿಸಬೇಕಿದ್ದ ಟಿಪ್ಪಣಿಗಳು

ನನ್ನ ಅಕ್ಕನಿಗೆ ಆರು ವರ್ಷವಾಗಿದ್ದಾಗ ಜ್ವರ ಬಂದು ಕಣ್ಣು ಹೋಯಿತು. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಅದು ಹಳೆಯ ಸುದ್ದಿ. ಅವಳಿಗೆ ಕಾಣಿಸುವುದಿಲ್ಲ ಎಂದು ನನ್ನನ್ನು ಕೂರಿಸಿಕೊಂಡು ಯಾರೂ ಹೇಳಲಿಲ್ಲ. ದೀಪ ಹಾಕದೆ ಓಡಾಡುವವಳು ಅಕ್ಕ, ದೀಪ ಬೇಕಾದವಳು ನಾನು, ಅಷ್ಟೇ ಅಂದುಕೊಂಡು ಬೆಳೆದೆ. ಅಪ್ಪ ಅಮ್ಮ ಹೋದಮೇಲೆ ನಾವಿಬ್ಬರೂ ಬನಶಂಕರಿ ಎರಡನೇ ಹಂತದಲ್ಲಿ ನೆಲಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ಅವಳು ಜೆ.ಪಿ. ನಗರದ ಬ್ಯಾಂಕೊಂದರಲ್ಲಿ ಗ್ರಾಹಕರ ಫೋನ್ ಕರೆಗಳಿಗೆ ಉತ್ತರಿಸುವ ಕೆಲಸದಲ್ಲಿದ್ದಳು. ನಾನು ಸಾಫ್ಟ್‌ವೇರ್ ಕೆಲಸದವಳು. ಇಬ್ಬರೂ ಮದುವೆಯಾಗಲಿಲ್ಲ. ಅದಕ್ಕೆ ಬೇರೆ ಬೇರೆ ಕಾರಣಗಳಿದ್ದವು, ಅವು ಇಲ್ಲಿ ಬೇಡ.

ಅಕ್ಕನ ಕಿವಿಯ ಬಗ್ಗೆ ಮಾತ್ರ ಹೇಳಬೇಕು. ಬಸ್ಸು ಸ್ಟಾಪಿಗೆ ಬರುವ ಮೊದಲೇ ಅದು ತುಂಬಿದೆಯೋ ಖಾಲಿಯೋ ಹೇಳುತ್ತಿದ್ದಳು. ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಬಿದ್ದರೆ ನಮ್ಮ ಹಾಲ್‌ನಲ್ಲಿ ಕೂತು, ಎಣ್ಣೆ ಇನ್ನೂ ಕಾದಿಲ್ಲ ಎನ್ನುತ್ತಿದ್ದಳು. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತು ನನಗೆ ಏನಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಜಯನಗರ ನಾಲ್ಕನೇ ಬ್ಲಾಕಿನ ಮಹಡಿಯ ಕೋಣೆಯೊಂದರಲ್ಲಿ ಒಂದು ಸಣ್ಣ ಟ್ರಸ್ಟ್ ನಡೆಯುತ್ತಿತ್ತು. ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳನ್ನು ಟೈಪ್ ಮಾಡಿ ವಿಕಿಯಲ್ಲಿ ಹಾಕುವುದು, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಪುಟಗಳನ್ನು ಮಾಡುವುದು ಅವರ ಕೆಲಸ. ಅಕ್ಕ ಅಲ್ಲಿ ಕರಡು ತಿದ್ದುತ್ತಿದ್ದಳು. ಅವಳ ಫೋನು ಪುಟವನ್ನು ಜೋರಾಗಿ ಓದುತ್ತಿತ್ತು. ಒಂದು ಒತ್ತಕ್ಷರ ತಪ್ಪಿದ್ದರೂ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಮುಖ ಮಾಡುತ್ತಿದ್ದಳು.

ಓದುಗರಿಂದ ಒಂದೇ ದೂರು ಬರುತ್ತಿತ್ತು. ಹಳೆಯ ಪದಗಳು ಅರ್ಥವಾಗುವುದಿಲ್ಲ. ಮೂಲವನ್ನು ಮುಟ್ಟದೆ, ಬೇಕಾದ ಪದಕ್ಕೆ ಒಂದು ಟಿಪ್ಪಣಿ ಅಂಟಿಸುವ ಸೌಲಭ್ಯ ಆ ವಿಕಿಯಲ್ಲಿ ಇರಲಿಲ್ಲ. ಅದನ್ನು ಹೇಗೆ ಕಟ್ಟಬೇಕೆಂದು ಯೋಜನೆ ಮಾಡಿಕೊಡಿ ಎಂದು ಟ್ರಸ್ಟಿನವರು ನನ್ನನ್ನು ಕೇಳಿದರು. ಹೀಗೆ ಶನಿವಾರ ಬೆಳಿಗ್ಗೆ ನಾಲ್ವರು ಕೂರತೊಡಗಿದೆವು: ನಾನು, ಅಕ್ಕ, ನಿವೃತ್ತರಾಗಿದ್ದ ಒಬ್ಬ ಕನ್ನಡ ಮೇಷ್ಟ್ರು, ಮತ್ತೆ ತಿಲಕ್ ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಇಂಜಿನಿಯರ್. ಅವನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು. ನಿದ್ದೆಗೆಟ್ಟ ಕಣ್ಣಿನಲ್ಲೇ ಬರುತ್ತಿದ್ದ.

ಮೊದಲ ಶನಿವಾರ ಅವನು ಬೋರ್ಡಿನ ಮೇಲೆ ಚಿತ್ರ ಬರೆದ. ಪದವನ್ನು ಆರಿಸಿದರೆ ಅದು ಹಳದಿಯಾಗುತ್ತದೆ, ಬಲಗಡೆ ಟಿಪ್ಪಣಿ ಬರುತ್ತದೆ. ಬರೆದದ್ದನ್ನು ಅಕ್ಕನಿಗೆ ಬಾಯಲ್ಲೂ ವಿವರಿಸಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಬಲಗಡೆ ಅನ್ನೋದು ನನ್ನ ಫೋನಲ್ಲಿ ಇಲ್ಲಪ್ಪ" ಅಂದಳು. "ಮೊದಲು, ಆಮೇಲೆ. ಅಷ್ಟೇ ಇರೋದು."

ಅವನು ಡಸ್ಟರ್ ಎತ್ತಿಕೊಂಡ. ಬೋರ್ಡ್ ಒರೆಸಿ, ಹಾಗಾದರೆ ಮೊದಲಿನಿಂದ ಶುರು ಮಾಡೋಣ ಅಕ್ಕ ಅಂದ. ಅವನು ನನಗೆ ಇಷ್ಟವಾಗಿದ್ದು ಆಗಲೇ.

ಇನ್ನೊಂದು ಶನಿವಾರ ಮೇಷ್ಟ್ರ ಪ್ರಶ್ನೆಯಲ್ಲೇ ಕಳೆಯಿತು. ಇದು ವಿಕಿ, ನಾಳೆ ಯಾರೋ ಆ ಸಾಲನ್ನೇ ತಿದ್ದಿದರೆ ಟಿಪ್ಪಣಿ ಎಲ್ಲಿ ಹೋಗುತ್ತದೆ ಎಂದು ಕೇಳಿದರು. ಸಾಲಿನ ಸಂಖ್ಯೆ ಹಿಡಿದುಕೊಂಡರೆ ಅದು ಇನ್ಯಾವುದೋ ಪದಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಅಕ್ಕಪಕ್ಕದ ಪದಗಳನ್ನೂ ಅದು ನೆನಪಿಟ್ಟುಕೊಳ್ಳಬೇಕು, ಅವೂ ಹೋಗಿದ್ದರೆ ಟಿಪ್ಪಣಿಯನ್ನು ಬೇರೆ ಕಡೆ ತೆಗೆದಿಟ್ಟು ಯಾರಾದರೂ ನೋಡಿ ತೀರ್ಮಾನಿಸಬೇಕು ಎಂದು ಒಪ್ಪಿಕೊಂಡೆವು. ಕೆಳಗಿಳಿದು ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗಲೂ ಮೇಷ್ಟ್ರು ಅದನ್ನೇ ಮಾತಾಡುತ್ತಿದ್ದರು.

ಉಳಿದಿದ್ದು ಅಕ್ಕನ ಪ್ರಶ್ನೆ. ಓದುತ್ತಿರುವ ದನಿಯ ನಡುವೆ ಟಿಪ್ಪಣಿ ಯಾವಾಗ ಕೇಳಿಸಬೇಕು? ಕೋಡ್ ಬರೆಯುವ ಮೊದಲು ಮನೆಯಲ್ಲೇ ನೋಡೋಣ ಅಂದಳು ಅಕ್ಕ. "ನೀನೇ ಮಷೀನ್ ಆಗು. ನಾನು ಕೇಳ್ತೀನಿ."

ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಆ ಸಂಜೆಗಳನ್ನೇ ಹೇಳುತ್ತೇನೆ. ಆಫೀಸಿನಿಂದ ಬಂದು ಟೀ ಮಾಡಿಕೊಂಡು ಊಟದ ಮೇಜಿಗೆ ಎದುರುಬದುರು ಕೂರುತ್ತಿದ್ದೆವು. ಯಾರೋ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಸಮುದ್ರ ನೋಡಲು ಹೋದ ಹಳೆಯ ಪ್ರವಾಸಕಥನವೊಂದನ್ನು ನಾನು ಓದುತ್ತಿದ್ದೆ. ಮೊದಲು ವಾಕ್ಯದ ನಡುವೆಯೇ ನಿಲ್ಲಿಸಿ ಪದದ ಅರ್ಥ ಹೇಳಿದೆ. ತಿನ್ನುತ್ತಾ ಇರುವವರ ಬಾಯಿಗೆ ಕೈ ಹಾಕಿದ ಹಾಗಾಯಿತು ಎಂದು ಬೈದಳು. ಅಧ್ಯಾಯದ ಕೊನೆಯಲ್ಲಿ ಎಲ್ಲ ಅರ್ಥಗಳನ್ನೂ ಒಟ್ಟಿಗೆ ಹೇಳಿದೆ. ಆ ಪದ ಎಲ್ಲಿ ಬಂದಿತ್ತೆಂಬುದೇ ಮರೆತುಹೋಯಿತು ಅಂದಳು. ಕೊನೆಗೆ, ಟಿಪ್ಪಣಿ ಇರುವ ಪದ ಬಂದಾಗ ಸ್ಟೀಲ್ ಲೋಟಕ್ಕೆ ಉಗುರಿನಿಂದ ಒಂದು ಸಣ್ಣ ತಟ್ಟು ತಟ್ಟಿ ಓದುವುದನ್ನು ಮುಂದುವರಿಸಿದೆ. ಬೇಕಿದ್ದರೆ ಅವಳು ಮೇಜು ಕುಟ್ಟಬೇಕು, ವಾಕ್ಯ ಮುಗಿದಮೇಲೆ ನಾನು ಅರ್ಥ ಹೇಳಬೇಕು. ಅದು ಅವಳಿಗೆ ಒಪ್ಪಿಗೆಯಾಯಿತು. ಒಪ್ಪಿಗೆಯಾದಮೇಲೂ ನಾವು ನಿಲ್ಲಿಸಲಿಲ್ಲ. ಬೇಕೆಂದೇ ಸುಲಭದ ಪದಕ್ಕೆಲ್ಲ ಮೇಜು ಕುಟ್ಟಿ, ಹಸು ಎಂದರೇನು ಎಂದು ಕೇಳುತ್ತಿದ್ದಳು. ನಾನು ರೇಗಿದರೆ ಮಷೀನಿಗೆ ಕೋಪ ಬರಬಾರದು ಎನ್ನುತ್ತಿದ್ದಳು.

ಆ ಸಂಜೆಗಳಲ್ಲೇ ಅವಳಿಗೆ ತಟ್ಟುಗಳು ತಪ್ಪತೊಡಗಿದವು. ನಾನು ತಟ್ಟುತ್ತಿದ್ದೆ, ಅವಳು ಸುಮ್ಮನೆ ಕೂತಿರುತ್ತಿದ್ದಳು. ಲೋಟದಲ್ಲಿ ಟೀ ಇದೆ, ಅದಕ್ಕೇ ಸದ್ದು ಮಂಕು ಅಂದಳು. ಖಾಲಿ ಲೋಟ ಇಟ್ಟೆ. ರಸ್ತೆಯ ಗಲಾಟೆ ಅಂದಳು. ಕಿಟಕಿ ಮುಚ್ಚಿದೆ. ನೀನು ಇತ್ತೀಚೆಗೆ ಗೊಣಗುತ್ತೀಯ ಅಂದಳು. ಇರಬಹುದು ಎಂದು ದನಿ ಏರಿಸಿದೆ. ಸೂಚನೆಯ ಸದ್ದು ಇನ್ನೂ ಜೋರಾಗಿರಬೇಕು ಎಂದು ನಮ್ಮ ಯೋಜನೆಯ ಪುಟದಲ್ಲಿ ಬರೆದೆ. ಓದುಗರ ಅಗತ್ಯ ಎಂಬ ತಲೆಬರಹದ ಕೆಳಗೆ ಆ ಸಾಲು ಈಗಲೂ ಇದೆ.

ಒಂದು ಬೆಳಿಗ್ಗೆ ಬನಶಂಕರಿ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತಿದ್ದೆವು. ರೈಲು ಬಂದು ನಿಂತಿತು, ಬಾಗಿಲು ತೆರೆಯಿತು, ಜನ ಇಳಿದರು. ಅಕ್ಕ ನನ್ನ ಮೊಣಕೈ ಹಿಡಿದು, ಇನ್ನೂ ಬರಲಿಲ್ಲವಾ ಎಂದು ಕೇಳಿದಳು. ನಾನು ಅವಳ ಮುಖ ನೋಡಿದೆ. ಆ ರೈಲನ್ನು ಬಿಟ್ಟು ಬೆಂಚಿನ ಮೇಲೆ ಕೂತೆವು.

"ಗೊತ್ತಿತ್ತು ಕಣೇ" ಅಂದಳು. "ಬ್ಯಾಂಕಲ್ಲಿ ಬಲಗಿವಿಗೇ ಫೋನ್ ಇಟ್ಕೊಳಕ್ಕೆ ಶುರು ಮಾಡಿ ತುಂಬಾ ದಿನ ಆಯ್ತು. ಎಡಗಡೆದು ಹೋಗಿದೆ. ಇದೂ ಹೋಗ್ತಿದೆ ಅನ್ಸತ್ತೆ."

ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ಒಳ್ಳೆಯವರು. ಅವಸರ ಮಾಡಲಿಲ್ಲ. ಎರಡೂ ಕಿವಿಯ ನರ ಸೊರಗುತ್ತಿದೆ, ಮಷೀನ್ ಹಾಕಿಕೊಂಡರೆ ಸ್ವಲ್ಪ ಕಾಲ ನಡೆಯುತ್ತದೆ, ಆಪರೇಷನ್ನಿನಿಂದ ಇಂಥದ್ದಕ್ಕೆ ಉಪಯೋಗವಿಲ್ಲ ಎಂದು ಬಿಡಿಸಿ ಹೇಳಿದರು. ಕಣ್ಣು ತೆಗೆದ ಕಾಯಿಲೆಯೇ ಇದಕ್ಕೂ ಕಾರಣವಿರಬಹುದು, ಇಲ್ಲದಿರಲೂಬಹುದು. ಅಕ್ಕ ಅವರಿಗೆ ಒಂದೇ ಪ್ರಶ್ನೆ ಕೇಳಿದಳು.

"ಪೂರ್ತಿ ಹೋಗತ್ತಾ ಡಾಕ್ಟ್ರೇ?"

"ಹೋಗಬಹುದಮ್ಮ. ಯಾವಾಗ ಅಂತ ಹೇಳಕ್ಕಾಗಲ್ಲ."

ಆಟೋದಲ್ಲಿ ನಾನು ಅತ್ತೆ. ನನ್ನ ಅಳು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಹಾಗೆ ತಿಳಿಯದೇ ಹೋಗಿದ್ದು ಅದೇ ಮೊದಲು. ಮನೆ ಹತ್ತಿರ ಬಂದಾಗ, ಶನಿವಾರ ಅಲ್ಲಿ ಯಾರಿಗೂ ಹೇಳಬೇಡ ಅಂದಳು.

ಆಮೇಲೆ ಅವಳಿಗೆ ಅವಸರ ಹತ್ತಿತು. ಯೋಜನೆಯ ಒಂದೊಂದು ಅಂಶವೂ ಬೇಗ ತೀರ್ಮಾನವಾಗಬೇಕು. ಮೇಷ್ಟ್ರು ಚರ್ಚೆ ಬೆಳೆಸಿದರೆ ಮೇಜು ಕುಟ್ಟುತ್ತಿದ್ದಳು. ಸೂಚನೆಗೆ ಗಂಟೆಯಂಥ ತೆಳುವಾದ ಸದ್ದು ಬೇಡ, ದಪ್ಪ ಸದ್ದು ಇಡಿ ಎಂದು ಹಟ ಹಿಡಿದಳು. ಅವಳಿಗೆ ತೆಳು ಸದ್ದುಗಳೇ ಮೊದಲು ಹೋಗಿದ್ದವು. ಯಾವಾಗಲೂ ಬೋರ್ಡಿನ ಹತ್ತಿರ ಕೂರುತ್ತಿದ್ದ ಇಂಜಿನಿಯರ್ ಕುರ್ಚಿ ಎಳೆದುಕೊಂಡು ಅವಳ ಬಲಗಡೆ ಕೂರತೊಡಗಿದ.

ಟಿಪ್ಪಣಿಯ ಸೌಲಭ್ಯ ಸಿದ್ಧವಾಗುವ ಮೊದಲೇ ಅಕ್ಕನ ಕಿವಿ ಪೂರ್ತಿ ನಿಂತುಹೋಯಿತು. ಅಷ್ಟರಲ್ಲಿ ಅವಳು ಬ್ಯಾಂಕು ಬಿಟ್ಟಿದ್ದಳು. ನಾನು ಅವಳ ಅಂಗೈ ಮೇಲೆ ಬೆರಳಿನಿಂದ ಬರೆಯಲು ಕಲಿತೆ. ಕಣ್ಣು ಹೋಗುವ ಮೊದಲು ಅಪ್ಪ ಸ್ಲೇಟಿನ ಮೇಲೆ ತಿದ್ದಿಸಿದ್ದ ಅಕ್ಷರಗಳ ಆಕಾರ ಅವಳಲ್ಲಿ ಇನ್ನೂ ಉಳಿದಿತ್ತು. ಒತ್ತಕ್ಷರಗಳು ಅಂಗೈಯಲ್ಲಿ ಕಲಸಿಹೋಗುತ್ತವೆ. ಅದಕ್ಕೇ ನಾವು ಚಿಕ್ಕ ಚಿಕ್ಕ ಪದಗಳಲ್ಲಿ ಮಾತಾಡತೊಡಗಿದೆವು. ಬಾ. ಟೀ. ಮಳೆ. ಎದುರು ಮನೆ ಮದುವೆ. ಅವಳು ಮಾತ್ರ ಬಾಯಲ್ಲೇ ಮಾತಾಡುತ್ತಿದ್ದಳು. ಅಳತೆ ಸಿಗದೆ ಒಮ್ಮೊಮ್ಮೆ ಬಹಳ ಜೋರಾಗಿ.

ಸೌಲಭ್ಯವನ್ನು ತೆರೆದ ದಿನ ಅದೇ ಮಹಡಿಯ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಮೈಸೂರ್ ಪಾಕ್ ಹಂಚಿದರು. ಸ್ಪೀಕರಿನಲ್ಲಿ ಪುಟವೊಂದನ್ನು ಓದಿಸಿದರು, ಹಳೆಯ ಪದ ಬಂದಾಗ ದಪ್ಪ ಸದ್ದು ಬಂತು, ಇಂಜಿನಿಯರ್ ಗುಂಡಿ ಒತ್ತಿದ, ವಾಕ್ಯ ಮುಗಿದಮೇಲೆ ಅರ್ಥ ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಕ್ಕನ ಅಂಗೈ ಮೇಲೆ ಎಲ್ಲವನ್ನೂ ಒಂದೊಂದಾಗಿ ಬರೆಯುತ್ತಿದ್ದೆ, ಚಪ್ಪಾಳೆ ನಿಂತಮೇಲೂ ಬರೆಯುತ್ತಲೇ ಇದ್ದೆ.

"ದಪ್ಪ ಸದ್ದೇ ಇಟ್ರಾ?" ಎಂದು ಅವಳು ಜೋರಾಗಿ ಕೇಳಿದಳು.

ಎಲ್ಲರೂ ಅವಳ ಕಡೆ ತಿರುಗಿದರು. ಹೂಂ ಎಂದು ಬರೆದೆ. ಅವಳು ತಲೆಯಾಡಿಸಿ ಮೈಸೂರ್ ಪಾಕ್ ತಿಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕಿಟಕಿಯ ಕಡೆ ಹೋದರು.

ಆಮೇಲೆ ಅವಳಿಗೆ ಬ್ರೈಲ್ ಯಂತ್ರವೊಂದು ಬಂತು. ಫೋನಿನಲ್ಲಿರುವುದು ಅದರ ಮೇಲೆ ಚುಕ್ಕಿಗಳಾಗಿ ಏಳುತ್ತದೆ, ಬೆರಳಾಡಿಸಿ ಓದಬೇಕು. ಶಾಲೆಯಲ್ಲಿ ಕಲಿತಿದ್ದ ಬ್ರೈಲ್ ಅವಳಿಗೆ ರೂಢಿ ತಪ್ಪಿಹೋಗಿತ್ತು. ಇಂಜಿನಿಯರ್ ತಿಂಗಳುಗಟ್ಟಲೆ ಭಾನುವಾರಗಳನ್ನು ಕೊಟ್ಟು ನಮ್ಮ ಟಿಪ್ಪಣಿಗಳೂ ಆ ಯಂತ್ರದಲ್ಲಿ ಬರುವ ಹಾಗೆ ಮಾಡಿದ. ನಮ್ಮ ಮನೆಗೇ ಬಂದು ಜೋಡಿಸಿಕೊಟ್ಟ. ಅಕ್ಕ ಕೆಲವು ವಾರ ಓದಿದಳು. ಅವನು ಮತ್ತೊಮ್ಮೆ ಬಂದಾಗ ಅವನ ಕೈ ಹುಡುಕಿ ಹಿಡಿದುಕೊಂಡಳು.

"ಬೇಜಾರ್ ಮಾಡ್ಕೋಬೇಡಪ್ಪ. ನನಗೆ ನೋಟ್ಸ್ ಎಲ್ಲ ತೆಗೆದುಬಿಡು. ಬೆರಳು ನಿಧಾನ. ಅವನ್ನೂ ಓದಕ್ಕೆ ಹೋದ್ರೆ ಕಥೇನೇ ಸಿಗಲ್ಲ. ಬರೀ ಪುಸ್ತಕ ಸಾಕು."

ಟಿಪ್ಪಣಿ ಬೇಡವೆನ್ನುವ ಓದುಗರಿಗಾಗಿ ಒಂದು ಆಯ್ಕೆ ಇತ್ತು. ಅದನ್ನು ಅವನೇ ಒತ್ತಿದ. ಕಾಫಿ ಮಾಡುತ್ತೇನೆ ಕೂರು ಅಂದೆ. ಮಗಳಿಗೆ ಹುಷಾರಿಲ್ಲ ಎಂದು ಏನೋ ಹೇಳಿ, ನನ್ನ ಮುಖ ನೋಡದೆ ಹೊರಟುಹೋದ.

ಆ ವಿಕಿಯಲ್ಲಿ ಈಗ ಜನ ದಿನವೂ ಟಿಪ್ಪಣಿ ಬರೆಯುತ್ತಾರೆ. ಕಣ್ಣು ಕಾಣಿಸದ ಓದುಗರು ಬೇರೆ ಬೇರೆ ಊರುಗಳಿಂದ ಚೆನ್ನಾಗಿದೆ ಎಂದು ಹೇಳಿ ಕಳಿಸುತ್ತಾರೆ. ಅದನ್ನು ಅಕ್ಕನ ಅಂಗೈ ಮೇಲೆ ಬರೆದರೆ ಅವಳು ನಿಜವಾಗಿ ಸಂತೋಷಪಡುತ್ತಾಳೆ. ನನಗೆ ಆ ಸಂತೋಷ ಬರುವುದಿಲ್ಲ. ಬರಿಸಿಕೊಳ್ಳಲು ನೋಡಿದ್ದೇನೆ.

ಹೋದ ವಾರ ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ಅಕ್ಕ ಎಲೆ ಕೀಳುವುದನ್ನು ನಿಲ್ಲಿಸಿದಳು.

"ಅಮ್ಮನ ದನಿ ಇನ್ನೂ ತಲೇಲಿದೆ" ಅಂದಳು. "ಅಪ್ಪಂದೂ ಇದೆ. ನಿಂದೇ ಸಿಗ್ತಿಲ್ಲ ಕಣೇ. ಮರ್ತೋಗ್ತಿದೆ."

ಅಂಗೈ ಚಾಚಿ ನನ್ನ ಉತ್ತರಕ್ಕೆ ಕಾದಳು. ಹಸಿರು ಅಂಟಿದ್ದ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಅವಳೇ ಕೈ ಬಿಡಿಸಿಕೊಂಡು, ಇರಲಿ ಬಿಡು, ಒಲೆ ಹಚ್ಚು, ಹೊತ್ತಾಯಿತು ಅಂದಳು. ನಾನು ಎದ್ದು ಅಡುಗೆಮನೆಗೆ ಹೋದೆ.