ಪರದೆಯ ಹೆಂಗಸಿಗೆ ಓಗೊಟ್ಟದ್ದು

ತಮಿಳು ರಾಜ್ಯಕ್ಕೆ ಸೇರಿದ ನಮ್ಮ ತಾಳವಾಡಿಯ ಕಲ್ಯಾಣ ಮಂಟಪದಲ್ಲಿ ಮೂರು ದಿನ ಹೊರದೇಶದ ಸಿನಿಮಾ ತೋರಿಸುತ್ತಾರೆಂದು ಗೊತ್ತಾದಾಗ ಅವ್ವನನ್ನು ಕರೆದುಕೊಂಡು ಹೋಗಲೇಬೇಕೆಂದು ಹಟ ಹಿಡಿದವಳು ನಾನು. ಅವ್ವ ಸಿನಿಮಾ ನೋಡಿ ಎಷ್ಟೋ ವರ್ಷವಾಗಿತ್ತು. ತಿಗನಾರೆಯ ನಮ್ಮ ಹೊಲ ಇರುವುದು ಕಾಡಿನ ಅಂಚಿನಲ್ಲಿ. ಆನೆ, ಹಂದಿಗಳಿಂದ ಬೆಳೆ ಕಾಯುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿದೆ. ನಾನಾದರೋ ಶಾಲೆಯಲ್ಲಿ ಪಾಠ ಹೇಳುವವಳು, ರಜೆ ಸಿಗುತ್ತದೆ. ಅವ್ವನಿಗೆ ರಜೆ ಕೊಡುವವರು ಯಾರು?

ಸಿನಿಮಾ ತಂದವರು ಘಾಟಿಯ ಕೆಳಗಿನ ಒಂದು ಪಟ್ಟಣದ ಸಂಘದವರು. ಹಗಲಿನ ಬೆಳಕು ಬರದಂತೆ ಕಿಟಕಿಗಳಿಗೆಲ್ಲ ಟಾರ್ಪಾಲು ಕಟ್ಟಿದ್ದರು. ಪರದೆಯ ಮೇಲೆ ಯಾವುದೋ ದೇಶದ ಮಾತು, ಅದರ ಕೆಳಗೆ ತಮಿಳು ಅಕ್ಷರ. ಅವ್ವನಿಗೆ ಸಂತೆಗೆ ಸಾಕಾಗುವಷ್ಟು ತಮಿಳು ಬರುತ್ತದೆ, ಓದಲು ಯಾವ ಭಾಷೆಯೂ ಬರುವುದಿಲ್ಲ. ಹಾಗಾಗಿ ನಾನು ಓದಿಕೊಂಡು ಅವಳ ಕಿವಿಯಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅದು ಕಿವಿಗೆ ಬಿದ್ದ ಹಿಂದಿನ ಸಾಲಿನ ಹೆಂಗಸರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ನನ್ನದು ಪಾಠ ಮಾಡುವ ಗಂಟಲು, ಪಿಸುಗುಟ್ಟಿದರೂ ನಾಲ್ಕು ಸಾಲಿಗೆ ಕೇಳುತ್ತದೆ.

ಸಂಘದ ಮುಖ್ಯಸ್ಥರು, ಜುಬ್ಬಾ ತೊಟ್ಟ ಹಿರಿಯರು, ಎದ್ದು ಬಂದರು. "ಪೇಸಾದೀಂಗಮ್ಮಾ," ಮಾತಾಡಬೇಡಿ ಎಂದರು. ಇವು ಮೌನವಾಗಿ ನೋಡಬೇಕಾದ ಸಿನಿಮಾಗಳು, ಸುಮ್ಮನಿರಲು ಆಗದವರು ನಾಳೆ ಬರುವುದು ಬೇಡ ಎಂದೂ ತಮಿಳಿನಲ್ಲೇ ಸೇರಿಸಿದರು. ಸುಮ್ಮನಿರಿ ಎಂದು ನಾನು ಮಕ್ಕಳಿಗೆ ದಿನಾ ಹೇಳುತ್ತೇನೆ. ನನಗೇ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಮೈಯೆಲ್ಲ ಉರಿದುಹೋಯಿತು. ಆದರೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಕೂತೆ. ಉಳಿದ ಸಿನಿಮಾವನ್ನು ಅವ್ವ ಏನೂ ಅರ್ಥವಾಗದೆ ನೋಡಿದಳು.

ಬಸ್ಸಿಗೆ ಕಾಯುವಾಗ ಅವ್ವ, "ನಾಳಕ ನಾ ಬರಲ್ಲ ಕಣ ಮಗ," ಎಂದಳು. "ಓದಕ್ ಬರೋರ್ಗ ಮಾಡಿರದು ಅದು. ನಮ್ಗಲ್ಲ."

ಜುಬ್ಬಾದವರ ಮಾತಿಗಿಂತ ಈ ಮಾತು ನನ್ನನ್ನು ಕೆಣಕಿತು. ಆನೆಗೆ ಹಿಂದೆ ಸರಿಯದವಳು ಒಂದು ಜುಬ್ಬಕ್ಕೆ ಸರಿಯುವುದೆಂದರೇನು?

"ನೀ ಬರ್ನಿಲ್ಲ ಅಂದ್ರ ನಾನೊಬ್ಳೇ ಬಂದು ಇನ್ನೂ ಜೋರಾಗಿ ಓದ್ತಿನಿ," ಎಂದೆ.

"ಮಾಡೋವ್ಳೆಯ ನೀನು," ಎಂದು ಅವ್ವ ನಕ್ಕಳು. ಮಾರನೆಯ ದಿನ ಹಣೆಗೆ ವಿಭೂತಿಯನ್ನು ಎಂದಿಗಿಂತ ಸ್ವಲ್ಪ ದಪ್ಪವಾಗಿಯೇ ಹಚ್ಚಿಕೊಂಡು ಹೊರಟಳು. ಹೋಗಿ ಮೊದಲನೆಯ ಸಾಲಿನಲ್ಲೇ ಕೂತೆವು.

ಅವತ್ತಿನದು ಹಿಮ ಬೀಳುವ ಸೀಮೆಯ ಕಥೆ. ಗಂಡ ಸತ್ತ ಹೆಂಗಸೊಬ್ಬಳು ಕುರಿ ಸಾಕಿಕೊಂಡು ಬೆಟ್ಟದ ಮೇಲಿದ್ದಾಳೆ. ಮಾತು ಕಡಿಮೆ, ಹಾಗಾಗಿ ನನಗೆ ಓದುವ ಕೆಲಸವೂ ಕಡಿಮೆ. ಒಂದು ಬೆಳಿಗ್ಗೆ ಕುರಿದೊಡ್ಡಿಯ ಸುತ್ತ ತೋಳದ ಹೆಜ್ಜೆ ಕಾಣುತ್ತದೆ. ಅವಳು ಬೆಟ್ಟದ ಅಂಚಿಗೆ ನಡೆದುಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಕಣಿವೆಯ ಕಡೆಗೆ ಉದ್ದಕ್ಕೆ ಕೂಗಿದಳು.

ನಮ್ಮ ಕಡೆ ಒಂದು ಕಟ್ಟಳೆ ಇದೆ. ಅಟ್ಟಣೆಯ ಮೇಲೆ ಕಾವಲಿರುವವರು ಆಗಾಗ ಕೂಗು ಹಾಕುತ್ತಾರೆ. ಕೇಳಿಸಿಕೊಂಡ ಪಕ್ಕದ ಹೊಲದವರು ಓಗೊಡಲೇಬೇಕು. ಮಾತು ಬಿಟ್ಟ ದಾಯಾದಿಯಾದರೂ ಸರಿ. ಓಗೊಡದಿದ್ದರೆ ಅಲ್ಲಿದ್ದವರಿಗೆ ಏನೋ ಆಗಿದೆ ಎಂದೇ ಅರ್ಥ.

ಪರದೆಯ ಮೇಲೆ ಯಾರೂ ಓಗೊಡಲಿಲ್ಲ. ಪಕ್ಕದಲ್ಲಿ ಅವ್ವನ ಕೈ ಬಾಯಿಗೆ ಹೋಯಿತು. "ಓ... ಓಯ್."

ಹಿಂದಿನ ಸಾಲಿನಿಂದ ಪಕ್ಕದೂರು ಗೆಟ್ಟವಾಡಿಯವರು ಓಗೊಟ್ಟರು. ಆಮೇಲೆ ಇಡೀ ಮಂಟಪ. ನಾನೂ ಕೂಗಿದ್ದೆ ಎನ್ನುವುದು ಗಂಟಲು ಉರಿದಾಗಲೇ ಗೊತ್ತಾಯಿತು.

ಸಿನಿಮಾ ನಿಂತಿತು, ದೀಪ ಹತ್ತಿತು. ಮುಖ್ಯಸ್ಥರು ಮುಂದೆ ಬಂದು, ಯಾರು ಕೂಗಿದ್ದು ಎಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ನಾವೆಲ್ಲ," ಎಂದು ತಮಿಳಿನಲ್ಲೇ ಹೇಳಿದೆ. "ಕೂಗಿದವರಿಗೆ ಓಗೊಡದೆ ಕೂರುವುದು ನಮ್ಮಲ್ಲಿ ತಪ್ಪು. ನಾಳೆಯೂ ಬರುತ್ತೇವೆ. ನಾನು ಓದುತ್ತೇನೆ, ಇವರು ಕೇಳುತ್ತಾರೆ. ಬೇಡವೆಂದರೆ ಖಾಲಿ ಕುರ್ಚಿಗಳಿಗೆ ತೋರಿಸಿಕೊಳ್ಳಿ."

ಹಿಂದಿನಿಂದ ಯಾರೋ, "ಸಿನ್ಮಾ ಬುಡಿ ಸಾ, ಅಲ್ಲಿ ಆವಮ್ಮ ಕೂಗ್ತಾವ್ಳ," ಎಂದರು. ಮುಖ್ಯಸ್ಥರು ಸಾಲುಗಳ ಕಡೆ ಒಮ್ಮೆ ನೋಡಿ, ಯಂತ್ರ ನಡೆಸುವವನಿಗೆ ಕೈಸನ್ನೆ ಮಾಡಿದರು.

ಸಿನಿಮಾವನ್ನು ಸ್ವಲ್ಪ ಹಿಂದಿನಿಂದ ಬಿಟ್ಟರು. ಅವಳು ಮತ್ತೆ ಕೂಗಿದಳು, ಅವ್ವ ಮತ್ತೆ ಓಗೊಟ್ಟಳು, ಹಿಂದೆಯೇ ನಾವೆಲ್ಲ. ಪರದೆಯ ಮೇಲೆ ಅವಳು ಒಂದಷ್ಟು ಹೊತ್ತು ನಿಂತು, ಕೈ ಇಳಿಸಿ, ಮನೆಯ ಕಡೆ ತಿರುಗಿದಳು.

ಸಿನಿಮಾ ಮುಗಿದ ಮೇಲೆ ಚರ್ಚೆ. ಆ ಕೂಗಿನ ಬಗ್ಗೆ ಮುಖ್ಯಸ್ಥರು ಬಹಳ ಹೊತ್ತು ಮಾತಾಡಿದರು: ಅದು ಮನುಷ್ಯನ ಒಂಟಿತನದ ಕೂಗು, ಅದಕ್ಕೆ ಓಗೊಡುವವರು ಜಗತ್ತಿನಲ್ಲಿ ಯಾರೂ ಇಲ್ಲ ಎಂದರು. ನಾನು ಅದನ್ನು ಅವ್ವನಿಗೆ ಪಿಸುಗುಟ್ಟದೆಯೇ ಹೇಳಿದೆ. ಅವ್ವ ಕೈ ಚಾಚಿ ಅವರ ಕೈಯಿಂದ ಮೈಕು ತೆಗೆದುಕೊಂಡಳು.

"ಅವ್ಳೆಲ್ಲಿ ಒಂಟಿಯಾಗವ್ಳ ಸಾಮಿ? ನಾವ್ ಇಷ್ಟೂ ಜನ ಓ ಅನ್ನಿಲ್ವಾ? ಕೇಳುಸ್ಕಂಡೇ ಅಲ್ವಾ ಅವ್ಳು ಮನಗ ಹೋದ್ದು."

ಅದನ್ನು ಅವರಿಗೆ ತಮಿಳಿನಲ್ಲಿ ಹೇಳಿದವಳೂ ನಾನೇ. ಕೊನೆಯ ಸಾಲಿಗೂ ಕೇಳುವಂತೆ ಹೇಳಿದೆ.