ತಿಳಿ ಬಣ್ಣಕ್ಕೆ ಸಣ್ಣ ತೂತು

ಟೀಚರಮ್ಮ ಕಾರು ಓಡಿಸುವುದನ್ನು ಕಲಿಸುವವಳು. ಊರಿನ ಅರ್ಧ ಜನಕ್ಕೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿಕೊಟ್ಟವಳು. ಹಿಂದೆ ತಗೊಳ್ಳಿ ಎಂದರೆ ಮುಂದೆ ನುಗ್ಗುವವರನ್ನು, ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುವವರನ್ನು ಸಹಿಸಿಕೊಂಡು, ದನಿ ಏರಿಸದೆ ಹೇಳಿದ್ದನ್ನೇ ಹತ್ತು ಸಲ ಹೇಳುವವಳು ಎಂದು ಹೆಸರಾದವಳು. ಆ ತಾಳ್ಮೆಯೆಲ್ಲ ಮನೆಯ ಗೇಟಿನ ಹೊರಗೇ ಖರ್ಚಾಗಿಹೋಗುತ್ತಿತ್ತು. ಒಳಗೆ ಬಂದರೆ ಗಂಡ ಇರುತ್ತಿದ್ದ.

ಗಂಡ ಕೆಟ್ಟವನೇನಲ್ಲ. ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಕೂತ. ಸುಮ್ಮನೆ ಕೂತಿದ್ದರೆ ಎಷ್ಟೋ ಚೆನ್ನಾಗಿತ್ತು, ರಿಪೇರಿಗೆ ನಿಂತ. ಅವನ ಕೈ ಸೋಕಿದ ಮೇಲೆ ಅಡುಗೆಮನೆಯ ನಲ್ಲಿಯಲ್ಲಿ ಬಿಸಿನೀರಿನ ಕಡೆ ತಣ್ಣೀರು, ತಣ್ಣೀರಿನ ಕಡೆ ಬರೀ ಗಾಳಿ. ಫ್ಯಾನ್ ಹಾಕಿದರೆ ಕರೆಗಂಟೆ ಬಾರಿಸುತ್ತಿತ್ತು. ಅತ್ತೆ ಪ್ರತಿ ಸಲವೂ ಮಂಡಿ ಹಿಡಿದುಕೊಂಡು ಎದ್ದು ಹೋಗಿ, ಬಾಗಿಲು ತೆಗೆದು ನೋಡಿ, "ಯಾರೂ ಇಲ್ಲಪ್ಪ" ಎಂದು ಬಂದು ಕೂರುತ್ತಿದ್ದರು. ಯಾರಾದರೂ ಏನಾದರೂ ಹೇಳಿಕೊಡಲು ಬಾಯಿ ತೆರೆದರೆ ಸಾಕು, ಈತ ಅರ್ಧದಲ್ಲೇ "ಗೊತ್ತಾಯ್ತು ಬಿಡಿ" ಎಂದು ಎದ್ದುಬಿಡುತ್ತಿದ್ದ. ಏನೂ ಗೊತ್ತಾಗಿರುತ್ತಿರಲಿಲ್ಲ.

ಅಂಥವನ ಕೈಗೆ ಕಾರೂ ಸಿಕ್ಕಿತು. ಕಲಿಯಲು ಬಂದಿದ್ದ ದಂತವೈದ್ಯರೊಬ್ಬರು ಕಾರಿನ ಎಡಮೈಯನ್ನು ಉದ್ದಕ್ಕೂ ಒಂದು ಗೋಡೆಗೆ ಉಜ್ಜಿಬಿಟ್ಟರು. ತಗಡಿನ ಕೆಲಸದವನು ನೆಗ್ಗಿದ್ದನ್ನು ತಟ್ಟಿ, ಪುಟ್ಟಿ ಮೆತ್ತಿ ಕೊಟ್ಟ. ಕಡುನೀಲಿ ಕಾರಿನ ಎಡಮೈತುಂಬ ಬಿಳಿ ತೇಪೆ. ಸಾರಿಗೆ ಕಚೇರಿಯ ಅಧಿಕಾರಿ ಅದನ್ನು ನೋಡಿ ಮುಖ ಸಿಂಡರಿಸಿದ. "ಸೋಮವಾರ ತಪಾಸಣೆಗೆ ಬರುವಾಗ ಗಾಡಿ ಒಂದೇ ಬಣ್ಣದಲ್ಲಿರ್ಬೇಕು ಮೇಡಂ. ಇಲ್ಲಾಂದ್ರೆ ನಿಮ್ಮ ಸ್ಕೂಲಿನ ಲೈಸೆನ್ಸ್ ನಿಲ್ಲಿಸ್ತೀನಿ." ಲೈಸೆನ್ಸ್ ನಿಂತರೆ ಮನೆಗೆ ಬರುವ ಒಂದೇ ಸಂಪಾದನೆಯೂ ನಿಲ್ಲುತ್ತಿತ್ತು. ಗ್ಯಾರೇಜಿನವರೆಲ್ಲ ಮುಂದಿನ ತಿಂಗಳು ಬನ್ನಿ ಎಂದು ಕೈ ಅಲ್ಲಾಡಿಸಿದರು.

"ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀಯಾ? ಮನೇಲೇ ಹೊಡೀತೀನಿ" ಎಂದ ಗಂಡ. ಅವಳಿಗೆ ನಲ್ಲಿ, ಫ್ಯಾನು ಎರಡೂ ನೆನಪಾದವು. ಬೇರೆ ದಾರಿಯೂ ಇರಲಿಲ್ಲ.

ಬಣ್ಣದಂಗಡಿಗೆ ಇಬ್ಬರೂ ಹೋದರು. ಅಂಗಡಿಯವನು ಸ್ಪ್ರೇ ಗನ್ನಿನ ಜೊತೆ, ಅದರ ಮೂತಿಗೆ ಹಾಕುವ ಎರಡು ಹಿತ್ತಾಳೆಯ ನಾಜಲ್ ತೆಗೆದು ಗಾಜಿನ ಮೇಲಿಟ್ಟ. ಒಂದರ ತೂತು ಒಂದು ಪಾಯಿಂಟ್ ಮೂರು ಮಿಲಿಮೀಟರ್, ಇನ್ನೊಂದರದು ಒಂದು ಪಾಯಿಂಟ್ ಎಂಟು. ಬರಿಗಣ್ಣಿಗೆ ಎರಡೂ ಒಂದೇ.

"ನೋಡಿ ಸಾರ್, ಇಷ್ಟು ನೆನಪಿಟ್ಕೊಳ್ಳಿ. ತಿಳಿ ಬಣ್ಣಕ್ಕೆ ಸಣ್ಣ ತೂತು, ಗಟ್ಟಿ ಬಣ್ಣಕ್ಕೆ ದೊಡ್ಡ ತೂತು. ಯಾಕಂದ್ರೆ..."

"ಗೊತ್ತಾಯ್ತು ಬಿಡಿ" ಎಂದ ಗಂಡ.

ದಾರಿಯಲ್ಲಿ ಬರುವಾಗ ಮಾತ್ರ ಮೆಲ್ಲಗೆ ಕೇಳಿದ. "ಅಲ್ವೇ, ಅವನು ತಿಳಿ ಬಣ್ಣ ಅಂದಿದ್ದು..."

"ನಿಮ್ಮ ಮುಖದ ಎದುರಿಗೇ ತಾನೇ ಹೇಳಿದ್ದು? ಕಿವಿ ಎಲ್ಲಿಟ್ಟಿದ್ರಿ?" ಎಂದು ಅವಳು ರೇಗಿದಳು. 

ಶನಿವಾರ ಅಂಗಳದಲ್ಲಿ ಹಳೆಯ ಹೊದಿಕೆಗಳನ್ನು ಕಟ್ಟಿ ಮರೆ ಮಾಡಿ, ಬಾಡಿಗೆ ಕಂಪ್ರೆಸರ್ ಹಚ್ಚಿ, ಮೊದಲು ನೀಲಿಯ ಅಡಿಗೆ ಬರುವ ಪ್ರೈಮರ್ ಹೊಡೆಯಲು ನಿಂತ. ಗನ್ನು ಕೆಮ್ಮಿತು. ಒಂದಿಷ್ಟು ಉಗುಳಿ ಕಟ್ಟಿಕೊಂಡಿತು. ಬಿಚ್ಚಿ ತೊಳೆದು ಮತ್ತೆ ಹೊಡೆದರೆ ಮತ್ತೆ ಅದೇ ಕೆಮ್ಮು. ಸಂಜೆಯ ಹೊತ್ತಿಗೆ ಬಾಗಿಲುಗಳ ಮೇಲೆ ಮರಳು ಎರಚಿದ ಹಾಗಾಗಿತ್ತು. ಅದನ್ನು ಉಜ್ಜುಕಾಗದ ಹಿಡಿದು ಇಬ್ಬರೂ ಉಜ್ಜಿದರು. ಅವಳು ಉಜ್ಜುತ್ತ ಬೈದಳು, ಅವನು ಉಜ್ಜುತ್ತ ಬೈಸಿಕೊಂಡ.

ಭಾನುವಾರ ಬೆಳಿಗ್ಗೆ ನೀಲಿ. ಈ ಸಲ ಗನ್ನು ಕೆಮ್ಮಲಿಲ್ಲ, ವಾಂತಿ ಮಾಡಿಕೊಂಡಿತು. ಹಿಂದಿನ ಬಾಗಿಲಿನ ಮೇಲಿಂದ ಬಣ್ಣ ಧಾರೆಧಾರೆಯಾಗಿ ಇಳಿದು ಚಕ್ರದ ಹತ್ತಿರ ಹನಿಯತೊಡಗಿತು. ಕಿಟಕಿಯಲ್ಲಿ ಕೂತಿದ್ದ ಅತ್ತೆ, "ಕಾರು ಅಳ್ತಾ ಇದೆಯಲ್ಲೋ" ಎಂದರು.

ಟೀಚರಮ್ಮನ ಪಿತ್ತ ನೆತ್ತಿಗೇರಿತು. ಬಣ್ಣದ ಡಬ್ಬಿಗೆ ಕಡ್ಡಿ ಅದ್ದಿ ಎತ್ತಿದಳು. ಅದು ನೀರಿನ ಹಾಗೆ ಸರ್ರನೆ ಸುರಿದುಹೋಯಿತು.

"ಏನ್ರೀ ಇದು? ಸೋರದೆ ಇನ್ನೇನಾಗುತ್ತೆ? ಯಾಕ್ರೀ ಬಣ್ಣಾನ ಇಷ್ಟು ತಿಳಿ ಮಾಡಿದ್ದೀರಿ?"

"ತಿಳಿ ಎಲ್ಲೇ? ಕಣ್ಣು ಕಾಣ್ಸಲ್ವಾ? ಕಡುನೀಲಿ ಅದು. ಗಟ್ಟಿ ಬಣ್ಣ. ಅದಕ್ಕೇ ದೊಡ್ಡ ತೂತು ಹಾಕಿದ್ದೀನಿ."

"ಮತ್ತೆ ನಿನ್ನೆ ಪ್ರೈಮರಿಗೆ?"

"ಅದು ತಿಳಿ ಬೂದು. ಸಣ್ಣ ತೂತು."

ಅವಳ ಕೈಯ ಕಡ್ಡಿ ಹಾಗೇ ನಿಂತಿತು. ಪಕ್ಕದಲ್ಲೇ ಇದ್ದ ಪ್ರೈಮರಿನ ಡಬ್ಬಿಗೆ ಅದ್ದಿ ಎತ್ತಿದಳು. ಬೂದು ಬಣ್ಣ ಕಡ್ಡಿಗೆ ಮೆತ್ತಿಕೊಂಡು, ಎಳೆಎಳೆಯಾಗಿ, ಬೀಳಲೋ ಬೇಡವೋ ಎಂದು ಬಿತ್ತು. ಗಂಡ ಒಂದು ಡಬ್ಬಿ ನೋಡಿದ, ಇನ್ನೊಂದು ಡಬ್ಬಿ ನೋಡಿದ.

"ಅಯ್ಯೋ" ಎಂದ. "ತಿಳಿ ಅಂದ್ರೆ ನೀರುನೀರಾಗಿರೋದಾ? ನಾನು ಕಣ್ಣಿಗೆ ಕಾಣೋ ಬಣ್ಣದ ಮಾತು ಅಂದ್ಕೊಂಡೆ."

ಅವಳು ಬೈಯಲು ಬಾಯಿ ತೆರೆದಳು. ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ ಎಂದೂ ಅನ್ನಿಸಿತು. ಆದರೆ ಅವನು ಗನ್ನನ್ನು ಕಲ್ಲಿನ ಮೇಲಿಟ್ಟು, ನೀಲಿ ಹತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತ ಕೂತುಬಿಟ್ಟಿದ್ದ.

"ಅವತ್ತೇ ಕೇಳಬಹುದಿತ್ತಲ್ರೀ. ಪೂರ್ತಿ ಹೇಳೋಕೂ ಬಿಡ್ಲಿಲ್ಲ ನೀವು."

"ಹೇಗೆ ಕೇಳ್ಲೇ? ಕೆಲಸ ಹೋದಾಗಿಂದ ಏನು ಕೇಳೋಕೂ ನಾಚಿಕೆ ನಂಗೆ. ಇನ್ನೊಂದ್ಸಲ ಕೇಳಿದ್ರೆ, ಇವನಿಗೆ ಇದೂ ಬರಲ್ವಾ ಅಂತ ನೋಡ್ತಾರೆ." ಬೆರಳಿನ ನೀಲಿ ಉಜ್ಜುತ್ತ ಹೇಳಿದ, "ದಾರೀಲಿ ನಿನ್ನ ಕೇಳಿದ್ನಲ್ಲ."

ಕೇಳಿದ್ದ. ಕಿವಿ ಎಲ್ಲಿಟ್ಟಿದ್ರಿ ಎಂದು ಬಾಯಿ ಮುಚ್ಚಿಸಿದವಳು ಅವಳೇ. ದಂತವೈದ್ಯರಿಗೆ ಗೋಡೆ ಯಾವ ಕಡೆ ಇದೆ ಎಂದು ನಗುನಗುತ್ತ ಹತ್ತು ಸಲ ಹೇಳಿದವಳು, ಗಂಡ ಒಂದೇ ಒಂದು ಸಲ ಕೇಳಿದ್ದಕ್ಕೆ ಹಾರಿಬಿದ್ದಿದ್ದಳು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಬಂದರೂ ಅವಳ ದನಿ ಮಾತ್ರ ಒಂದೇ ತರ.

"ಸರಿ, ಏಳಿ ಮೇಲೆ! ಕೂತ್ರೆ ಬಣ್ಣ ಹತ್ತುತ್ತಾ? ಆ ಬಾಗಿಲು ಒರೆಸಿ ಕೊಡಿ. ಪ್ರೈಮರಿಗೆ ದೊಡ್ಡದು ಹಾಕಿ, ನೀಲಿಗೆ ಸಣ್ಣದು."

ಎದ್ದ. ಆಮೇಲೆ ಕೇಳಲು ಶುರು ಮಾಡಿದ. ಗನ್ನು ಎಷ್ಟು ದೂರ ಹಿಡಿಯಲಿ? ಒಂದೇ ಕಡೆ ನಿಂತರೆ ಏನಾಗುತ್ತೆ? ಒಣಗುವ ಮುಂಚೆ ಇನ್ನೊಂದು ಸಲ ಹೊಡೆಯಬಹುದಾ? ಅವಳಿಗೇನು ಗೊತ್ತು! ಅಂಗಡಿಯವನಿಗೆ ಫೋನ್ ಹಚ್ಚಿ ಹಚ್ಚಿ ಕೇಳಿ ಹೇಳಿದಳು. ಕೊನೆಗೆ ಅಂಗಡಿಯವನೇ, "ಅಕ್ಕಾ, ನಂಗೂ ಮನೆ ಮಠ ಇದೆ" ಎಂದ. ಸಂಜೆ ಬಿಸಿಲು ಇಳಿಯುವಾಗ ನೀಲಿ ಸಣ್ಣಗೆ, ಸಮನಾಗಿ ಬಾಗಿಲಿನ ಮೇಲೆ ಕೂತಿತ್ತು.

ಸೋಮವಾರ ಅಧಿಕಾರಿ ಕಾರನ್ನು ಸುತ್ತು ಹಾಕಿದ. ಎಡಬದಿಯಲ್ಲಿ ಬಗ್ಗಿ ನೋಡಿದ. "ಇಲ್ಲಿ ಸ್ವಲ್ಪ ತರಿತರಿ ಇದೆ" ಎಂದು ಗೊಣಗಿದ. ಆದರೂ ಸಹಿ ಹಾಕಿದ.

ವಾಪಸ್ ಬರುವಾಗ ಅವಳು ಓಡಿಸುತ್ತಿದ್ದಳು, ಗಂಡ ಪಕ್ಕದಲ್ಲಿದ್ದ. ತನ್ನ ಕಾಲ ಕೆಳಗೆ ನೋಡುತ್ತಿದ್ದವನು ಕೇಳಿದ, "ಅಲ್ಲ ಕಣೇ, ನನ್ನ ಕಾಲ ಹತ್ರಾನೂ ಒಂದು ಬ್ರೇಕ್ ಇದೆಯಲ್ಲ, ಇದು ಯಾತಕ್ಕೆ?"

ಈ ಕಾರು ಬಂದಾಗಿನಿಂದ ಆ ಸೀಟಿನಲ್ಲಿ ಕೂತಿದ್ದಾನೆ. ಇಷ್ಟು ವರ್ಷ ಕೂತು ಇದೂ ಗೊತ್ತಿಲ್ಲವಾ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂತು. ಇಷ್ಟು ವರ್ಷ ಕೇಳಲು ಹೆದರಿದ್ದಾನೆ ಎಂಬುದೂ ಅದರ ಬೆನ್ನಿಗೇ ಹೊಳೆಯಿತು.

ಅವಳು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿ, ಅವನ ಕಡೆ ತಿರುಗಿ ಕೂತು, ಮೊದಲಿನಿಂದ ಹೇಳತೊಡಗಿದಳು.