ಬಾಳೆಲೆಗೆ ಒಯ್ದ ಎರಡನೇ ಹಾರ

ಕುಶಾಲನಗರದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಶಾಲು, ಹಣ್ಣು ಮತ್ತು ಗಂಧದ ಚಕ್ಕೆಯ ಎರಡು ಹಾರಗಳಿದ್ದವು. ಮಾಜಿ ಸೈನಿಕರನ್ನು ಅವರ ಮನೆಗೇ ಹೋಗಿ ಸನ್ಮಾನಿಸಬೇಕೆಂದು ನಮ್ಮ ಬಡಾವಣೆಯ ಸಂಘ ತೀರ್ಮಾನಿಸಿತ್ತು. ನನ್ನ ಪಾಲಿಗೆ ಬಂದದ್ದು ಬಾಳೆಲೆ ಎಂಬ ಊರಿನ ಹವಿಲ್ದಾರ್ ಬೆಳ್ಯಪ್ಪನವರ ಮನೆ. ಒಂದು ಹಾರ ಅವರಿಗೆ, ಇನ್ನೊಂದು ಯುದ್ಧದಲ್ಲಿ ಮಡಿದ ಅವರ ತಂದೆಯ ಫೋಟೋಗೆ. ನಾನು ನಿವೃತ್ತ ಮೇಷ್ಟ್ರು, ಭಾಷಣವೆಂದರೆ ಪ್ರಾಣ. ಸಿದ್ದಾಪುರ ದಾಟುವವರೆಗೂ ‘ಹುತಾತ್ಮ’ ಎನ್ನುವಲ್ಲಿ ದನಿ ಎಷ್ಟು ಏರಿಸಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ.

ಅಮ್ಮತ್ತಿಯಲ್ಲಿ ಕಾಫಿ ಕೊಯ್ಲಿಗೆ ಹೊರಟವರು ಹತ್ತಿ ಬಸ್ಸು ತುಂಬಿತು. ಗೋಣಿಕೊಪ್ಪದಲ್ಲಿ ಇಡ್ಲಿ ತಿಂದು ಬಾಳೆಲೆ ಬಸ್ಸು ಹಿಡಿದೆ. “ಹವಿಲ್ದಾರ್ ಮನೆಯಾ? ರಸ್ತೆ ಪಕ್ಕದಲ್ಲೇ, ಅಗೋ” ಎಂದು ಕಂಡಕ್ಟರ್ ಗೇಟಿನ ಎದುರೇ ಇಳಿಸಿದರು. ಅಂಗಳದ ತುಂಬ ಕಾಫಿ ಹರವಿತ್ತು.

ಬೆಳ್ಯಪ್ಪನವರು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಶಾಲು ಹೊದಿಸಿ ಹಾರ ಹಾಕಿದೆ. ಗೋಡೆಯ ಮೇಲೆ ಅವರ ತಂದೆಯ ಫೋಟೋಗೆ ಆಗಲೇ ತಾಜಾ ಹೂವಿನ ಹಾರ ಬಿದ್ದಿತ್ತು. ಪಕ್ಕದಲ್ಲಿ ಸಮವಸ್ತ್ರದ ಒಬ್ಬ ಯುವಕನ ಫೋಟೋ, ಬರಿದು. ಪಾಪ, ಈ ಹುತಾತ್ಮನನ್ನು ಯಾರೂ ನೆನೆಯಲಿಲ್ಲವಲ್ಲ ಎನ್ನಿಸಿತು. ನಿಜ ಹೇಳುತ್ತೇನೆ, ಒಂದರ ಬದಲು ಎರಡು ಬಲಿದಾನ ಸಿಕ್ಕಿತೆಂದು ನನ್ನೊಳಗಿನ ಭಾಷಣಕಾರ ಹಿಗ್ಗಿದ. ಛೀ! ಹಿಂದುಮುಂದು ನೋಡದೆ ಉಳಿದ ಹಾರವನ್ನು ಆ ಫೋಟೋಗೆ ಹಾಕಿ, ಕಣ್ಣು ಮುಚ್ಚಿ, “ನಿನ್ನ ಆತ್ಮಕ್ಕೆ ಶಾಂತಿ ಸಿಗಲಪ್ಪ” ಎಂದು ಗಟ್ಟಿಯಾಗಿಯೇ ಹೇಳಿದೆ.

“ಅಯ್ಯೋ ದೇವರೇ!”

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಬೆಳ್ಯಪ್ಪನವರ ಹೆಂಡತಿ ಮುತ್ತಮ್ಮ ನಿಂತಿದ್ದರು. “ಅದು ನನ್ನ ಮಗ! ಬಾರ್ಡರಲ್ಲಿ ಡ್ಯೂಟಿಲಿದ್ದಾನೆ. ಮೊನ್ನೆಯಿಂದ ಫೋನೇ ಸಿಕ್ತಾ ಇಲ್ಲ ಅಂತ ನಾನು ಸಾಯ್ತಾ ಇದ್ದೇನೆ…”

‘ಶುಭ ನುಡಿಯೋ ಸೋಮ ಅಂದರೆ ಗೂಬೆ ಕಾಣ್ತದಲ್ಲೋ ಮಾಮ’ ಎಂದು ಮಕ್ಕಳಿಗೆ ಗಾದೆ ಕಲಿಸಿದವನು ನಾನೇ. ಬೆಳ್ಯಪ್ಪನವರು ಒಂದೇ ಹೆಜ್ಜೆಗೆ ಬಂದು ಆ ಹಾರ ತೆಗೆದು ತಮ್ಮ ಕೊರಳಿಗೇ ಹಾಕಿಕೊಂಡರು.

“ಫೋಟೋ ಹಾರದಲ್ಲೂ ಸೀನಿಯಾರಿಟಿ ಅಂತ ಇದೆ ಮೇಷ್ಟ್ರೇ. ಈ ಮನೇಲಿ ಮುಂದಿನ ಪಾಳಿ ನಂದು” ಎಂದು ನಕ್ಕರು. ಮುತ್ತಮ್ಮ ನಗಲಿಲ್ಲ. ಸೆರಗಿನಿಂದ ಮಗನ ಫೋಟೋ ಒರೆಸಿದರು, ಮತ್ತೆ ಒರೆಸಿದರು.

ಭಾಷಣವನ್ನು ಅಲ್ಲಿಗೇ ಕೈಬಿಟ್ಟೆ. ಹೊರಡಲು ಎದ್ದವನನ್ನು ಬೆಳ್ಯಪ್ಪನವರು ಬಿಡಲಿಲ್ಲ. ಊಟಕ್ಕೆ ಅಕ್ಕಿತರಿಯ ಉಂಡೆ ಕಡುಬು ಕಡಂಬಿಟ್ಟು, ಕುಂಬಳಕಾಯಿ ಸಾರು. “ನೀವು ಮಾಂಸ ತಿನ್ನೋದಿಲ್ಲ ಅಂತ ಮೊದಲೇ ಕೇಳಿ ತಿಳ್ಕೊಂಡಿದ್ದೆ. ಪಾತ್ರೆನೂ ಬೇರೆಯೇ” ಎಂದು ಮುತ್ತಮ್ಮ ಮೆಲ್ಲಗೆ ಹೇಳಿ ಬಡಿಸಿದರು. ನಾನು ಏನು ತಿನ್ನುತ್ತೇನೆಂದು ಅವರು ವಿಚಾರಿಸಿದ್ದರು. ಅವರಿಗೆ ಮಕ್ಕಳೆಷ್ಟು ಎಂದು ಕೂಡ ನಾನು ವಿಚಾರಿಸಿರಲಿಲ್ಲ. ಎರಡನೇ ಕಡುಬು ಇಳಿಯಲೇ ಇಲ್ಲ.

“ತಪ್ಪಾಯ್ತು ತಾಯಿ” ಎಂದೆ.

“ಅವನು ರಜೆಗೆ ಬಂದಾಗ ಬನ್ನಿ. ಹೂವಿಂದೇ ತನ್ನಿ. ಅವನ ಕೊರಳಿಗೇ ಹಾಕಿ” ಎಂದರು.

ಎದುರಿನ ರಸ್ತೆಯಲ್ಲಿ ಬಸ್ಸಿಗೆ ಕಾದೆ. ಗೇಟಿನಲ್ಲಿ ಬೆಳ್ಯಪ್ಪನವರು ಎರಡೂ ಹಾರ ತೊಟ್ಟೇ ಕೈ ಬೀಸುತ್ತಿದ್ದರು. ಹಿಂದೆ ಜಗಲಿಯಲ್ಲಿ ಮುತ್ತಮ್ಮ ಮಗನಿಗೆ ಫೋನು ಮಾಡಿ ಕಿವಿಗೆ ಒತ್ತಿ ನಿಂತಿದ್ದರು. ಬಸ್ಸು ಬಂತು, ಕಿಟಕಿಯ ಪಕ್ಕ ಕೂತು ಆ ತಾಯಿಯ ಮುಖವನ್ನೇ ನೋಡಿದೆ. ತಿರುವಿನಲ್ಲಿ ಮನೆ ಮರೆಯಾಗುವವರೆಗೂ ಅವರ ತುಟಿ ಅಲುಗಲಿಲ್ಲ.